ಹಡಗಿನಲ್ಲಿ ಗ್ಲುಟೆನ್ ಇಲ್ಲದ ಊಟ: ಸಿಂಗಾಪುರ ಕ್ರೂಸ್‌ಗೆ ಹೊರಟವರಿಗೆ ಹಂತ ಹಂತದ ಮಾರ್ಗದರ್ಶಿ

ಕ್ರೂಸ್ ಮುಗಿಸಿ ಬಂದ ಸೀಲಿಯಾಕ್‌ನವರನ್ನು, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಕರುಳು ಕೆಡುವ ಕಾಯಿಲೆ ಇರುವವರನ್ನು, ಕೇಳಿ ನೋಡಿ. ಕಥೆ ಹೆಚ್ಚುಕಮ್ಮಿ ಒಂದೇ. ಬುಕ್ ಮಾಡುವಾಗ ಏಜೆಂಟ್‌ಗೆ "ಗ್ಲುಟೆನ್ ಫ್ರೀ" ಅಂತ ಹೇಳಿರುತ್ತಾರೆ. ಹಡಗು ಹತ್ತಿದ ಕೂಡಲೇ ಎಲ್ಲರ ಹಿಂದೆ ಬಫೆಗೆ ಹೋಗುತ್ತಾರೆ. ಇಂಡಿಯನ್ ಕೌಂಟರಿನಲ್ಲಿ ಅನ್ನ, ಸಾಂಬಾರ್ ಕಂಡು ಜೀವ ಬಂದಂತಾಗುತ್ತದೆ. ಮಾರನೇ ದಿನ ಹೊಟ್ಟೆ ಹಿಡಿದುಕೊಂಡು ಕ್ಯಾಬಿನ್ ಸೇರುತ್ತಾರೆ. ಉಳಿದ ದಿನಗಳು ಬಾಳೆಹಣ್ಣಿನಲ್ಲೇ ಕಳೆಯುತ್ತವೆ.

ನಮ್ಮ ಮನೆಯಲ್ಲೂ ಮೊದಲ ಸಲ ಹೀಗೇ ಆಯಿತು. ಸೀಲಿಯಾಕ್ ಇರುವುದು ನನ್ನ ಹೆಂಡತಿಗೆ. ಬ್ರೆಡ್ ಮುಟ್ಟಲಿಲ್ಲ, ಕೇಕ್ ಮುಟ್ಟಲಿಲ್ಲ. ಅವಳನ್ನು ಮಲಗಿಸಿದ್ದು ಸಾಂಬಾರಿನ ಇಂಗಿನಲ್ಲಿ ಬೆರೆತ ಮೈದಾ. ಎರಡನೇ ಸಲ ಹೋದಾಗ ಕೆಲಸದ ಕ್ರಮ ಬದಲಾಯಿಸಿದೆವು, ನಾಲ್ಕು ರಾತ್ರಿಯೂ ಅವಳು ನನಗಿಂತ ಚೆನ್ನಾಗಿ ಊಟ ಮಾಡಿದಳು. ಬದಲಾದದ್ದು ಮುಖ್ಯವಾಗಿ ಒಂದೇ. ಹಡಗಿನಲ್ಲಿ ನಾಳೆಯ ಊಟ ಇವತ್ತು ರಾತ್ರಿಯೇ ತೀರ್ಮಾನವಾಗಬೇಕು. ಹಸಿವಾದಾಗ ಕೌಂಟರಿನ ಮುಂದೆ ನಿಂತು ಹುಡುಕುವ ಆಟ ಅಲ್ಲಿ ನಡೆಯುವುದಿಲ್ಲ.

ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ಬರುವ ಮೂರರಿಂದ ಐದು ರಾತ್ರಿಯ ಪ್ರವಾಸವನ್ನು ಇಟ್ಟುಕೊಂಡು ಬರೆದಿದ್ದೇನೆ. ನಮ್ಮ ಕಡೆಯವರು ಜಾಸ್ತಿ ಹೋಗುವುದು ಅದಕ್ಕೇ. ಮುಂಬೈಯಿಂದ ಹೊರಡುವ ಹಡಗಿಗೂ ಅಮೆರಿಕದ ಹಡಗಿಗೂ ಕ್ರಮ ಇದೇ, ಪೋರ್ಟ್‌ನ ಊಟ ಮಾತ್ರ ಬೇರೆ.

## ಹಂತ 1: ಗೋಧಿ ಎಲ್ಲೆಲ್ಲಿ ಅಡಗಿದೆ, ತಿಳಿದುಕೊಳ್ಳಿ

ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ. ಮೈದಾ, ರವೆ, ಶಾವಿಗೆ, ಪಾಸ್ತಾ, ಕೂಸ್‌ಕೂಸ್ ಎಲ್ಲವೂ ಗೋಧಿಯ ಮನೆಯವೇ. ಓಟ್ಸ್ ಬೆಳೆಯುವಾಗ, ಸಾಗಿಸುವಾಗ ಗೋಧಿ ಜೊತೆ ಬೆರೆಯುತ್ತದೆ. ಹಾಗಾಗಿ ಗ್ಲುಟೆನ್ ಫ್ರೀ ಎಂದು ಬರೆದ ಪ್ಯಾಕಿನದಲ್ಲದಿದ್ದರೆ ಓಟ್ಸ್ ಗಂಜಿಯೂ ಬೇಡ.

"ಚೂರೇ ಚೂರು" ಅಂದರೆ ಎಷ್ಟು ಎಂಬ ಅಂದಾಜು ಇರಲಿ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಇದ್ದರೆ ಪ್ಯಾಕಿನ ಮೇಲೆ ಗ್ಲುಟೆನ್ ಫ್ರೀ ಎಂದು ಬರೆಯಬಹುದು. ಭಾರತ, ಅಮೆರಿಕ, ಯೂರೋಪ್ ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಲೆಕ್ಕ. ಒಂದು ಹೋಳು ಬ್ರೆಡ್ಡಿನಲ್ಲಿ 2 ಗ್ರಾಂ, ಅಂದರೆ 2000 ಮಿಲಿಗ್ರಾಂ ಗ್ಲುಟೆನ್ ಸುಲಭವಾಗಿ ಇರುತ್ತದೆ. ದಿನಕ್ಕೆ 10 ಮಿಲಿಗ್ರಾಂ ದಾಟಬಾರದು ಎಂದು ಇಟ್ಟುಕೊಂಡರೆ, ಅದು ಆ ಹೋಳಿನ ಇನ್ನೂರರಲ್ಲಿ ಒಂದು ಪಾಲು. ತಟ್ಟೆಯ ಅಂಚಿನಲ್ಲಿ ಬಿದ್ದ ಪುಡಿ ಸಾಕು. "ಬ್ರೆಡ್ ತೆಗೆದು ಉಳಿದದ್ದು ತಿನ್ನಿ" ಎಂಬ ಸಲಹೆ ಯಾಕೆ ಕೆಲಸಕ್ಕೆ ಬರುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಕಾಯಿಸಿದರೂ ಹುರಿದರೂ ಗ್ಲುಟೆನ್ ಹೋಗುವುದಿಲ್ಲ.

ಈಗ ನಮ್ಮ ಅಡುಗೆಯ ಕಡೆ ಬರೋಣ. ನಮ್ಮವರು ಎಡವುವುದು ಪಿಜ್ಜಾದಲ್ಲಿ ಅಲ್ಲ, ಒಗ್ಗರಣೆಯಲ್ಲಿ. ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬಿಯಲ್ಲಿ ನಿಜವಾದ ಇಂಗು ಸ್ವಲ್ಪವೇ. ಉಳಿದದ್ದು ಗೋಂದು, ಮೈದಾ ಇಲ್ಲವೇ ಅಕ್ಕಿ ಹಿಟ್ಟು. ಮೈದಾ ಇರುವ ಇಂಗೇ ಜಾಸ್ತಿ. ಹಾಗಾಗಿ ಸಾಂಬಾರ್, ರಸಂ, ಮೊಸರನ್ನದ ಒಗ್ಗರಣೆ, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಅನುಮಾನದ ಪಟ್ಟಿಯಲ್ಲಿ. ಒಂದು ತಮಾಷೆ ಕೇಳಿ. "ಜೈನ್ ಊಟ ಹೇಳಿಬಿಡಿ, ಅದು ಶುದ್ಧ" ಎಂದು ಸಲಹೆ ಕೊಡುವವರು ಬೇಕಾದಷ್ಟು ಮಂದಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಗೆ ರುಚಿ ಕೊಡಲು ಹಾಕುವುದೇ ಇಂಗು! ಜೈನ್ ಊಟ ಕೇಳಿದರೆ ಇಂಗು ಇನ್ನೂ ಜಾಸ್ತಿಯಾಗಿ ಬರುತ್ತದೆ.

ದೋಸೆ ಗರಿಗರಿಯಾಗಲಿ ಅಂತ ಹಿಟ್ಟಿಗೆ ರವೆ ಸೇರಿಸುವುದುಂಟು. ಸೇರಿಸದಿದ್ದರೂ ಅದೇ ಕಾವಲಿಯ ಮೇಲೆ ಸ್ವಲ್ಪ ಹೊತ್ತಿನ ಮುಂಚೆ ರವೆ ದೋಸೆ ಹೊಯ್ದಿರಬಹುದು. ಗೋಬಿ ಮಂಚೂರಿಯಲ್ಲಿ ಮೈದಾ ಮತ್ತು ಗೋಧಿ ಸೇರಿದ ಸೋಯಾ ಸಾಸ್ ಎರಡೂ ಇರುತ್ತವೆ. ಪಕೋಡಕ್ಕೆ ಹಾಕುವುದು ಕಡಲೆ ಹಿಟ್ಟೇ, ನಿಜ. ಆದರೆ ಸಮೋಸಾ ಕರಿದ ಎಣ್ಣೆಯಲ್ಲೇ ಅದೂ ಮುಳುಗಿ ಏಳುತ್ತದೆ. ಜಾಮೂನಿನಲ್ಲಿ ಮೈದಾ ಇದ್ದೇ ಇರುತ್ತದೆ.

ಹಡಗಿನ ಏಷ್ಯನ್ ಕೌಂಟರಿನಲ್ಲಿ ಸಸ್ಯಾಹಾರಿಗಳಿಗೆ ಇನ್ನೊಂದು ಗುಂಡಿ ಇದೆ. "ವೆಜ್ ಡಕ್", "ವೆಜ್ ಚಿಕನ್" ಎಂದು ಇಟ್ಟಿರುತ್ತಾರೆ. ಚೀನೀ ಸಸ್ಯಾಹಾರದಲ್ಲಿ ಇಂಥ ನಕಲಿ ಮಾಂಸವನ್ನು ಬಹಳ ಸಲ ಗೋಧಿ ಹಿಟ್ಟಿನಿಂದ ತೆಗೆದ ಗ್ಲುಟೆನ್‌ನಿಂದಲೇ ಮಾಡುತ್ತಾರೆ. ಬೆರೆತಿರುವುದಲ್ಲ, ಅದೇ ಅದು. ಹತ್ತಿರ ಹೋಗಬೇಡಿ.

## ಹಂತ 2: ಬುಕ್ ಮಾಡುವಾಗ ಊಟದ ಸಮಯ ಆರಿಸಿ

ದೊಡ್ಡ ಹಡಗುಗಳಲ್ಲಿ ಟಿಕೆಟ್ ದುಡ್ಡಿನಲ್ಲೇ ಸೇರಿದ ಊಟಕ್ಕೆ ಎರಡು ಜಾಗ ಇರುತ್ತವೆ. ಒಂದು ಬಫೆ. ಇನ್ನೊಂದು ಕೂತು ಉಣ್ಣುವ ಮುಖ್ಯ ಡೈನಿಂಗ್ ಹಾಲ್. ನಿಮಗೆ ಬೇಕಾದದ್ದು ಎರಡನೆಯದು.

ಆ ಹಾಲ್‌ನಲ್ಲಿ ರಾತ್ರಿ ಊಟಕ್ಕೆ ಎರಡು ಪದ್ಧತಿ ಇರುವುದುಂಟು. ದಿನವೂ ಒಂದೇ ಸಮಯ, ಒಂದೇ ಟೇಬಲ್. ಇಲ್ಲವೇ ಬೇಕಾದಾಗ ಬಂದು ಸಿಕ್ಕ ಟೇಬಲ್‌ನಲ್ಲಿ ಕೂರುವುದು. ಎರಡನೆಯದು ಅನುಕೂಲ ಅನಿಸಿದರೂ ಮೊದಲನೆಯದನ್ನೇ ಆರಿಸಿ. ಆಗ ದಿನವೂ ಅದೇ ವೇಟರ್, ಅದೇ ಹೆಡ್ ವೇಟರ್ ಸಿಗುತ್ತಾರೆ. ಮೊದಲ ದಿನ ಹೇಳಿದ್ದು ಮೂರನೇ ದಿನಕ್ಕೂ ನೆನಪಿರುತ್ತದೆ. ಟೇಬಲ್ ಬದಲಾದರೆ ದಿನವೂ ಹೊಸಬರಿಗೆ ಹೊಸ ಪಾಠ.

ಗುಂಪು ಪ್ರವಾಸದಲ್ಲಿ ಹೊರಟಿದ್ದರೆ ಎಚ್ಚರ. ಟೂರ್‌ನವರು ತಮ್ಮ ಗುಂಪಿಗೆ ಬೇರೆ ಹಾಲ್‌ನಲ್ಲಿ ಇಂಡಿಯನ್ ಬಫೆ ಇಡಿಸುವುದುಂಟು. ನೀವು ಅಲ್ಲಿ ಉಣ್ಣುವುದಿಲ್ಲ, ಮುಖ್ಯ ಹಾಲ್‌ನಲ್ಲಿ ಜಾಗ ಬೇಕು ಎಂದು ದುಡ್ಡು ಕಟ್ಟುವ ಮುಂಚೆಯೇ ಹೇಳಿ. ನೆಂಟರು ಬೇಜಾರಾಗುತ್ತಾರೆ, ಆಗಲಿ.

## ಹಂತ 3: ಹಡಗಿನ ಕಂಪನಿಗೆ ನೀವೇ ಬರೆಯಿರಿ

ಏಜೆಂಟ್ ಒಳ್ಳೆಯವರೇ ಇರಬಹುದು. ಆದರೆ ಅವರ ಫಾರ್ಮಿನಲ್ಲಿ ಇರುವುದು ವೆಜ್, ನಾನ್ ವೆಜ್, ಜೈನ್ ಎಂಬ ಮೂರು ಖಾನೆ. ನಮ್ಮ ವಿಷಯ ಅದರಲ್ಲಿ ಹಿಡಿಸುವುದಿಲ್ಲ. ಬುಕಿಂಗ್ ನಂಬರ್ ಕೈಗೆ ಬಂದ ಕೂಡಲೇ ಕಂಪನಿಗೆ ಇಮೇಲ್ ಹಾಕಿ. ವಿಶೇಷ ಅಗತ್ಯ ಇರುವ ಪ್ರಯಾಣಿಕರಿಗಾಗಿ ದೊಡ್ಡ ಕಂಪನಿಗಳಲ್ಲಿ ಬೇರೆ ವಿಭಾಗವೇ ಇರುತ್ತದೆ. ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. 60 ದಿನ ಮುಂಚೆ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ, ಅದಕ್ಕಿಂತಲೂ ಮುಂಚೆ ಬೇಕು ಎಂದಿದ್ದರೆ ಹಾಗೆ ಮಾಡಿ.

ಮೇಲ್‌ನಲ್ಲಿ ಕಥೆ ಬೇಡ. ಹೆಸರು, ಬುಕಿಂಗ್ ನಂಬರ್, ಹೊರಡುವ ದಿನ, ಕ್ಯಾಬಿನ್ ನಂಬರ್. ಆಮೇಲೆ ಇಷ್ಟು: ಸೀಲಿಯಾಕ್ ಕಾಯಿಲೆ ಇದೆ, ಇದು ಆಯ್ಕೆ ಅಲ್ಲ, ಡಾಕ್ಟರ್ ಹೇಳಿದ್ದು. ಗೋಧಿ, ಬಾರ್ಲಿ, ರೈ ಬೇಡ. ಮಾಮೂಲು ಸೋಯಾ ಸಾಸ್ ಬೇಡ. ಗೋಧಿ ಬೆರೆಸಿದ ಇಂಗು ಬೇಡ. ಬೇರೆ ಬಾಣಲೆ, ಬೇರೆ ಎಣ್ಣೆ ಬೇಕು. ಸಸ್ಯಾಹಾರಿಯಾದರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಇಂಗಿನ ಸಾಲನ್ನು ಮಾತ್ರ ಬಿಡಬೇಡಿ. ಅದು ಗ್ಲುಟೆನ್‌ಗೆ ಸಂಬಂಧಪಟ್ಟದ್ದು ಎಂದು ಹಡಗಿನ ಇಂಡಿಯನ್ ಅಡುಗೆಯವರಿಗೂ ಎಷ್ಟೋ ಸಲ ಹೊಳೆದಿರುವುದಿಲ್ಲ.

ಉತ್ತರ ಬರುವ ತನಕ ಬಿಡಬೇಡಿ. ಬಂದದ್ದನ್ನು ಪ್ರಿಂಟ್ ತೆಗೆದಿಡಿ. "ನಿಮ್ಮ ಕೋರಿಕೆ ದಾಖಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂದರೆ ಅದನ್ನು ಅರ್ಧ ಕೆಲಸ ಅಂತಲೇ ತಿಳಿಯಿರಿ. ಕಂಪ್ಯೂಟರಿನಲ್ಲಿ ದಾಖಲಾದದ್ದು ಒಲೆಯ ಮುಂದೆ ನಿಂತವನಿಗೆ ತಲುಪಿದೆ ಎಂದು ಅರ್ಥವಲ್ಲ.

## ಹಂತ 4: ಸೂಟ್‌ಕೇಸಿಗೆ ಏನು ಹಾಕಬೇಕು, ಏನು ಬೇಡ

ಮೊದಲು ಬೇಡದ್ದು. ಕರೆಂಟಿನ ರೈಸ್ ಕುಕ್ಕರ್, ಕೆಟಲ್, ನೀರು ಕಾಯಿಸುವ ಕಾಯಿಲ್ ಒಯ್ಯಬೇಡಿ. ಬಿಸಿಯಾಗುವ ಸಾಮಾನು ಬೆಂಕಿಯ ಭಯದಿಂದ ಹಡಗುಗಳಲ್ಲಿ ನಿಷಿದ್ಧ. ಹತ್ತುವಾಗ ಸ್ಕ್ಯಾನ್ ಮಾಡಿ ತೆಗೆದಿಟ್ಟುಕೊಳ್ಳುತ್ತಾರೆ, ಇಳಿಯುವಾಗ ಕೊಡುತ್ತಾರೆ. "ಅನ್ನ ನಾವೇ ಮಾಡ್ಕೋತೀವಿ ಬಿಡಿ" ಎಂಬ ಯೋಜನೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಕಂಪನಿಯವರು ಸೀಲ್ ಮಾಡಿದ, ಒಡೆಯದ ಪ್ಯಾಕೆಟ್‌ಗಳಿಗೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಕ್ಯಾಬಿನ್‌ನ ಚಿಕ್ಕ ಫ್ರಿಜ್ ನಂಬಿ ದೋಸೆ ಹಿಟ್ಟು ಹೊತ್ತು ಹೋಗಬೇಡಿ. ಅದು ನೀರು ತಂಪು ಮಾಡಿದರೆ ಹೆಚ್ಚು.

ಇನ್ನು ಬೇಕಾದದ್ದು. ನಮ್ಮ ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿಗಿಂತ ಒಳ್ಳೆಯ ಹಡಗಿನ ಊಟ ನನಗಂತೂ ಗೊತ್ತಿಲ್ಲ. ವಾರಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ಮೊಸರಿನ ಜೊತೆ ಸಾಕು. ಆದರೆ ಒಂದು ಪ್ರಶ್ನೆ ಕೇಳಿ ಕೊಳ್ಳಿ. ಹಿಟ್ಟು ಎಲ್ಲಿ ಬೀಸಿದ್ದು? ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದ್ದರೆ ಹಿಟ್ಟಿನಲ್ಲಿ ಗೋಧಿ ಸೇರಿರಬಹುದು. ಗ್ಲುಟೆನ್ ಫ್ರೀ ಎಂದು ಮುದ್ರಿಸಿದ ಪ್ಯಾಕೇ ಆಗಬೇಕು. ರಾಗಿ ಹುರಿಹಿಟ್ಟಿಗೂ ಇದೇ ಮಾತು. ಹುರಿಹಿಟ್ಟು ಸಿಕ್ಕರೆ ಬೆಳಗಿನ ಚಿಂತೆ ಮುಗಿಯಿತು. ಹಾಲು, ಸಕ್ಕರೆ ಹಡಗಿನಲ್ಲೇ ಸಿಗುತ್ತದೆ, ಕಲಸಿಕೊಂಡರೆ ಆಯಿತು.

ಕುರುಕಲು ತಿಂಡಿಯಲ್ಲಿ ನಮ್ಮವರು ಮೋಸ ಹೋಗುತ್ತಾರೆ. ನಿಪ್ಪಟ್ಟು, ಕೋಡುಬಳೆಗೆ ಮೈದಾ, ರವೆ ಬೀಳುತ್ತದೆ. ಚಕ್ಕುಲಿ ಅಕ್ಕಿ ಹಿಟ್ಟಿನದೇ ಆದರೂ ಇಂಗು ಇರುತ್ತದೆ. ಕಾಂಗ್ರೆಸ್ ಕಡಲೆಕಾಯಿಯಲ್ಲೂ ಇಂಗು. ಸುಮ್ನೆ ಉಪ್ಪು ಹಾಕಿ ಹುರಿದ ಕಡಲೆಕಾಯಿ, ಬಾದಾಮಿ, ಖರ್ಜೂರ ಒಯ್ಯಿರಿ. ಚಟ್ನಿಪುಡಿ ಬೇಕೇ ಬೇಕು ಅನಿಸಿದರೆ ಹಿಂಬದಿಯ ಪಟ್ಟಿ ಓದಿ, ಇಂಗು ಇಲ್ಲದ್ದನ್ನು ಆರಿಸಿ. ಒಂದು ಎಚ್ಚರ: ಗಸಗಸೆ ಸಿಂಗಾಪುರಕ್ಕೆ ಒಯ್ಯುವಂತಿಲ್ಲ. ಅಲ್ಲಿ ಅದು ಮಾದಕ ವಸ್ತು ಕಾನೂನಿನಡಿ ಬರುತ್ತದೆ. ಮಸಾಲೆ ಪುಡಿಗಳ ಪಟ್ಟಿಯಲ್ಲೂ ಅದನ್ನು ಹುಡುಕಿ.

ಇವುಗಳ ಜೊತೆ ಡಾಕ್ಟರರ ಇಂಗ್ಲಿಷ್ ಪತ್ರ ಎರಡು ಪ್ರತಿ, ಒಂದು ಸ್ಟೀಲ್ ಚಮಚ, ಓಆರ್‌ಎಸ್ ಪೊಟ್ಟಣ, ವಾಂತಿ ಮತ್ತು ಭೇದಿಗೆ ನಿಮ್ಮ ಡಾಕ್ಟರ್ ಬರೆದ ಮಾತ್ರೆ, ಪೇಪರ್ ಸೋಪ್. ಸೋಪ್ ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಮನೆಯ ಇಂಗಿನ ಡಬ್ಬಿಯ ಹಿಂಬದಿಯ ಫೋಟೋ ಮೊಬೈಲಿನಲ್ಲಿರಲಿ. "ಇಂಗಿನಲ್ಲಿ ಗೋಧಿನಾ?" ಎಂದು ಹುಬ್ಬೇರಿಸುವ ಅಡುಗೆಯವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

## ಹಂತ 5: ವಿಮಾನದ ಊಟ

ವಿಮಾನ ಕಂಪನಿಗಳಲ್ಲಿ ಗ್ಲುಟೆನ್ ಇಲ್ಲದ ಊಟಕ್ಕೆ ಜಿಎಫ್‌ಎಂಎಲ್ ಎಂಬ ಕೋಡ್ ಇದೆ. ಹೊರಡುವ 24ರಿಂದ 48 ಗಂಟೆ ಮುಂಚೆ ಹೇಳಿರಬೇಕು. ಸಸ್ಯಾಹಾರಿಗಳೇ, ಗಮನಿಸಿ: ಆ ಕೋಡ್‌ನ ಊಟ ಸಸ್ಯಾಹಾರ ಅಲ್ಲ. ಅದರಲ್ಲಿ ಕೋಳಿ, ಮೀನು ಬರಬಹುದು. ಒಬ್ಬರಿಗೆ ಒಂದೇ ಕೋಡ್ ಕೊಡುತ್ತಾರೆ, ಎರಡನ್ನು ಸೇರಿಸಲು ಆಗುವುದಿಲ್ಲ. ಬೆಂಗಳೂರಿನಿಂದ ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆ ಚಿಲ್ಲರೆ. ಅಷ್ಟಕ್ಕೆ ರೊಟ್ಟಿ ಪ್ಯಾಕೆಟ್ ಸಾಕು, ತಲೆ ಕೆಡಿಸಿಕೊಳ್ಳಬೇಡಿ.

## ಹಂತ 6: ಹಡಗು ಹತ್ತಿದ ಮೊದಲ ಎರಡು ಗಂಟೆ

ಇಡೀ ಪ್ರವಾಸದಲ್ಲಿ ಅತಿ ಅಪಾಯದ ಊಟ ಮೊದಲ ದಿನ ಮಧ್ಯಾಹ್ನದ್ದು. ಸಾವಿರಾರು ಜನ ಒಟ್ಟಿಗೆ ಹತ್ತಿರುತ್ತಾರೆ, ಎಲ್ಲರಿಗೂ ಹಸಿವು, ಎಲ್ಲರೂ ಬಫೆಯಲ್ಲಿ. ನಿಮ್ಮ ವಿಷಯ ಅಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ. ಆ ಗಲಾಟೆಯಲ್ಲಿ ನಿಂತು ಕೇಳಿದರೆ ಸರಿಯಾದ ಉತ್ತರವೂ ಸಿಗುವುದಿಲ್ಲ. ಹಾಗಾಗಿ ಆ ಮಧ್ಯಾಹ್ನ ನಿಮ್ಮ ಪ್ಯಾಕೆಟ್‌ನಲ್ಲೇ ಮುಗಿಸಿ. ಸಿಪ್ಪೆ ಸುಲಿಯುವ ಹಣ್ಣು ಬೇಕಾದರೆ ತೆಗೆದುಕೊಳ್ಳಿ.

ಉಳಿದವರು ಊಟ ಮಾಡುವಾಗ ನೀವು ಮುಖ್ಯ ಡೈನಿಂಗ್ ಹಾಲ್ ಹುಡುಕಿ ಹೊರಡಿ. ಮೊದಲ ದಿನ ಮಧ್ಯಾಹ್ನ ಅದರ ಬಾಗಿಲ ಬಳಿ ಟೇಬಲ್ ಬದಲಾವಣೆ, ಊಟದ ಕೋರಿಕೆ ನೋಡಿಕೊಳ್ಳಲು ಯಾರಾದರೂ ಕೂತಿರುವುದುಂಟು. ಇಲ್ಲದಿದ್ದರೆ ರಿಸೆಪ್ಷನ್‌ಗೆ ಹೋಗಿ, "ಡೈನಿಂಗ್ ಹಾಲ್‌ನ ಹೆಡ್ ವೇಟರ್ ಜೊತೆ ಮಾತಾಡಬೇಕು" ಎನ್ನಿ. ಮೇಲ್‌ನ ಪ್ರಿಂಟ್, ಡಾಕ್ಟರ್ ಪತ್ರ ಎರಡನ್ನೂ ಕೊಡಿ. ಇವತ್ತು ರಾತ್ರಿ ನಿಮ್ಮ ಟೇಬಲ್ ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಕೇಳಿ ಬರೆದುಕೊಳ್ಳಿ.

## ಹಂತ 7: ಹೆಡ್ ವೇಟರ್, ಮತ್ತು ನಾಳೆಯ ಮೆನು

ಹಡಗಿನ ಅಡುಗೆಮನೆ ಮದುವೆ ಮನೆಯ ಅಡುಗೆಯಂತೆ. ನಾಳೆಯ ಗ್ರೇವಿ, ಸೂಪ್, ಸಾಸ್ ದೊಡ್ಡ ದೊಡ್ಡ ಪಾತ್ರೆಯಲ್ಲಿ ಮುಂಚೆಯೇ ತಯಾರಾಗುತ್ತದೆ. ಸೂಪ್ ಗಟ್ಟಿಯಾಗಲು ಹಾಕಿದ ಮೈದಾವನ್ನು ನಿಮ್ಮ ಬಟ್ಟಲಿನಿಂದ ಮಾತ್ರ ತೆಗೆಯಲು ಯಾವ ಬಾಣಸಿಗನಿಗೂ ಸಾಧ್ಯವಿಲ್ಲ. ಆದರೆ ಹಿಂದಿನ ರಾತ್ರಿಯೇ ಗೊತ್ತಿದ್ದರೆ ನಿಮ್ಮ ಪಾಲನ್ನು ಬೇರೆ ಪಾತ್ರೆಯಲ್ಲಿ ಶುರು ಮಾಡಬಹುದು. ಇಷ್ಟೇ ಗುಟ್ಟು.

ಆದ್ದರಿಂದ ಮೊದಲ ರಾತ್ರಿ ಊಟ ಮುಗಿದು ಏಳುವ ಮುಂಚೆ ಹೆಡ್ ವೇಟರನ್ನು ಕರೆದು ನಾಳೆಯ ಮೆನು ಕೇಳಿ. ದೊಡ್ಡ ಹಡಗುಗಳಲ್ಲಿ ಇದು ಮಾಮೂಲು ಪದ್ಧತಿ, ಅವರಿಗೇನೂ ಹೊಸದಲ್ಲ. ನಾಳೆ ರಾತ್ರಿಯದು ಮಾತ್ರವಲ್ಲ, ಬೆಳಿಗ್ಗೆ, ಮಧ್ಯಾಹ್ನದ್ದನ್ನೂ ಅಲ್ಲೇ ಹೇಳಿ. ಯಾವ ಹೊತ್ತಿಗೆ ಎಲ್ಲಿ ಕೂರುತ್ತೀರಿ ಎಂಬುದನ್ನೂ ಹೇಳಿ. ನಮ್ಮ ಮೊದಲ ಪ್ರವಾಸದಲ್ಲಿ ರಾತ್ರಿಯ ಊಟ ಮಾತ್ರ ಹೇಳಿದ್ದೆವು, ಬೆಳಿಗ್ಗೆ ಹಾಲ್‌ಗೆ ಹೋದರೆ ಬೇರೆಯದೇ ಸಿಬ್ಬಂದಿ. ಚೀಟಿ ಅವರ ಕೈ ಸೇರಿರಲಿಲ್ಲ.

ಮೆನು ನೋಡಿ ಏನು ಆರಿಸಬೇಕು? ತಿನಿಸಿನ ಹೆಸರು ಚಿಕ್ಕದಿದ್ದಷ್ಟೂ ಒಳ್ಳೆಯದು. ಬರೀ ಅನ್ನ, ಉಪ್ಪು ಮೆಣಸು ಹಾಕಿ ಗ್ರಿಲ್ ಮಾಡಿದ ಮೀನು ಅಥವಾ ಕೋಳಿ, ಬೇಯಿಸಿದ ತರಕಾರಿ, ಆಲೂಗಡ್ಡೆ. ಸಸ್ಯಾಹಾರಿಗಳು ಹೀಗೆ ಹೇಳಿ ನೋಡಿ: ಸುಮ್ನೆ ಬೇಯಿಸಿದ ತೊಗರಿಬೇಳೆ, ಅದಕ್ಕೆ ಬೇರೆ ಚಿಕ್ಕ ಬಾಣಲೆಯಲ್ಲಿ ತುಪ್ಪ, ಜೀರಿಗೆ, ಹಸಿಮೆಣಸಿನ ಒಗ್ಗರಣೆ, ಇಂಗು ಬೇಡ. ಇಂಡಿಯನ್ ಅಡುಗೆಯವರು ಹಡಗಿನಲ್ಲಿದ್ದರೆ ಖುಷಿಯಿಂದ ಮಾಡಿಕೊಡುತ್ತಾರೆ. ಪನೀರ್ ಟಿಕ್ಕಾ ಬೇಕೆನಿಸಿದರೆ ತಂದೂರಿನಲ್ಲಿ ಬೇಡ, ನಾನ್ ಸುಡುವುದೂ ಅದರಲ್ಲೇ. ತವಾದಲ್ಲಿ ಕೇಳಿ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. "ಇದು ಗ್ಲುಟೆನ್ ಫ್ರೀನಾ?" ಎಂದರೆ "ಯೆಸ್ ಸರ್" ಬರುತ್ತದೆ. ಅತಿಥಿಗೆ ಇಲ್ಲ ಎನ್ನಬಾರದು ಎಂಬ ತರಬೇತಿ ಅದು, ಅವರ ತಪ್ಪಲ್ಲ. "ಇದನ್ನು ಹೇಗೆ ಮಾಡುತ್ತೀರಿ? ಗಟ್ಟಿಯಾಗಲು ಏನು ಹಾಕುತ್ತೀರಿ? ಅದೇ ಎಣ್ಣೆಯಲ್ಲಿ ಬೇರೆ ಏನು ಕರಿಯುತ್ತೀರಿ?" ಎಂದು ಕೇಳಿ. ಆಗ ಅವರು ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಒಳಗೆ ಹೋಗಿ ಬಂದ ಉತ್ತರಕ್ಕೇ ಬೆಲೆ.

ತಟ್ಟೆ ಬಂದಾಗ ಈ ಸೂಚನೆಗಳನ್ನು ನೋಡಿ. ಇಡುವಾಗ ಯಾರೂ "ಗ್ಲುಟೆನ್ ಫ್ರೀ" ಎಂದು ಹೇಳದಿದ್ದರೆ ಅನುಮಾನ ಪಡಿ. ನೀವು ಕೇಳದ ಅಲಂಕಾರ ಮೇಲಿದ್ದರೆ, ಪಕ್ಕದ ಟೇಬಲ್‌ನ ಸಾಸೇ ನಿಮ್ಮದರಲ್ಲೂ ಕಂಡರೆ, ದಿನವೂ ತರುವವರು ಬಿಟ್ಟು ಬೇರೆ ಯಾರೋ ಅವಸರದಲ್ಲಿ ಇಟ್ಟು ಹೋದರೆ ಚಮಚ ಮುಟ್ಟುವ ಮುಂಚೆ ಕೇಳಿ. ತಪ್ಪಾಗಿದ್ದರೆ "ಬ್ರೆಡ್ ಚೂರು ತೆಗೆದು ಕೊಡುತ್ತೇವೆ" ಎನ್ನುತ್ತಾರೆ. ಒಪ್ಪಬೇಡಿ, ಹೊಸ ತಟ್ಟೆ ಬೇಕು. ಅದೇ ತಟ್ಟೆ ಒಳಗೆ ಹೋಗಿ ಅದೇ ವಾಪಸ್ ಬರಬಾರದು ಅಂದರೆ ಒಂದು ಉಪಾಯವಿದೆ. ಹೊಸದು ಬರುವ ತನಕ ಹಳೆಯದನ್ನು ಟೇಬಲ್ ಮೇಲೇ ಇಟ್ಟುಕೊಳ್ಳಿ.

ಬ್ರೆಡ್ ಬುಟ್ಟಿಯನ್ನು ಟೇಬಲ್‌ನ ಇನ್ನೊಂದು ತುದಿಗೆ ಕಳಿಸಿ. ಬೆಣ್ಣೆಯ ಬಟ್ಟಲು ನಿಮಗೆ ಬೇರೆಯೇ ಇರಲಿ, ಎಲ್ಲರ ಚಾಕುವಿನ ಪುಡಿ ಅದರಲ್ಲಿ ಸೇರಿರುತ್ತದೆ.

## ಹಂತ 8: ಬಫೆಗೆ ಹೋಗಲೇಬೇಕಾದರೆ

ಬಫೆಯ ಚೀಟಿಗಳ ಮೇಲೆ ಗ್ಲುಟೆನ್ ಫ್ರೀ ಗುರುತು ಇರುತ್ತದೆ. ಆ ಗುರುತು ತಿನಿಸಿಗೆ ಹಾಕಿದ ಸಾಮಗ್ರಿಯ ಬಗ್ಗೆ ಮಾತ್ರ. ಪಕ್ಕದ ಪಾಸ್ತಾದ ಚಮಚವನ್ನು ಯಾರೋ ಮಗು ಇದರಲ್ಲಿ ಅದ್ದಿದ್ದು ಅದಕ್ಕೆ ಗೊತ್ತಿಲ್ಲ. ಬಾಗಿಲು ತೆರೆದ ಮೊದಲ ಹತ್ತು ನಿಮಿಷದಲ್ಲಿ ಹೋಗಿ. ಅಲ್ಲಿನ ಶೆಫ್‌ಗೆ ವಿಷಯ ಹೇಳಿ, ಒಳಗಿನಿಂದ ಹೊಸ ಪಾತ್ರೆಯದು ತರಿಸಿ.

ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕುತ್ತಾರಲ್ವಾ, ಅದು ರೋಗಾಣುಗಳಿಗೆ. ಗ್ಲುಟೆನ್ ಒಂದು ಪ್ರೋಟೀನ್, ಅದಕ್ಕೆ ಸ್ಯಾನಿಟೈಸರ್ ಏನೂ ಮಾಡುವುದಿಲ್ಲ. ನೂರು ಜನ ಬ್ರೆಡ್ ಹಿಡಿದ ಇಕ್ಕಳ ಮುಟ್ಟಿದ ಮೇಲೆ ಸೋಪು, ನೀರೇ ಬೇಕು. ಪೇಪರ್ ಸೋಪ್ ಇದಕ್ಕೇ.

ಬೆಳಗಿನ ತಿಂಡಿಗೆ ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ ಒಳ್ಳೆಯದು. ಕಲಕಿದ ಮೊಟ್ಟೆ ಬೇಡ, ಕೆಲವು ಕಡೆ ಅದು ಉಬ್ಬಲಿ ಅಂತ ಪ್ಯಾನ್‌ಕೇಕ್ ಹಿಟ್ಟು ಸೇರಿಸುತ್ತಾರೆ. ಆಮ್ಲೆಟ್ ಬೇಕಿದ್ದರೆ ತೊಳೆದ ಬಾಣಲೆಯಲ್ಲಿ ಮಾಡಿಸಿಕೊಳ್ಳಿ. ಕಾರ್ನ್‌ಫ್ಲೇಕ್ಸ್ ಮೆಕ್ಕೆಜೋಳದ್ದೇ ಆದರೂ ಹೆಚ್ಚಿನವಕ್ಕೆ ಬಾರ್ಲಿ ಮಾಲ್ಟ್ ಸೇರಿರುತ್ತದೆ. ಮೈಲೋದಂಥ ಮಾಲ್ಟ್ ಪೇಯಗಳದ್ದೂ ಅದೇ ಕಥೆ. ಏಷ್ಯಾದ ಹಡಗುಗಳಲ್ಲಿ ಬೆಳಿಗ್ಗೆ ಅಕ್ಕಿ ಗಂಜಿ ಇಡುತ್ತಾರೆ, ಕಾಂಜೀ ಎನ್ನುತ್ತಾರೆ. ಬೇರೇನೂ ಬೆರೆಸದ ಬಿಳಿ ಗಂಜಿ ಸಿಕ್ಕರೆ ಅದೃಷ್ಟ. ಪಕ್ಕದಲ್ಲಿರುವ ಉದ್ದನೆಯ ಕರಿದ ಕಡ್ಡಿ ಮೈದಾದ್ದು, ಸೋಯಾ ಸಾಸ್ ಗೋಧಿಯದ್ದು. ಎರಡನ್ನೂ ಬಿಟ್ಟು ಉಪ್ಪು ಹಾಕಿಕೊಂಡು ಕುಡಿಯಿರಿ.

ಐಸ್‌ಕ್ರೀಮ್‌ಗೆ ಕೋನ್ ಬೇಡ, ಕಪ್. ತೊಳೆದ ಸ್ಕೂಪ್‌ನಿಂದ ಹೊಸ ಡಬ್ಬಿಯದು ಕೇಳಿ. ಮಕ್ಕಳಿಗೆ ಸೀಲಿಯಾಕ್ ಇದ್ದರೆ ಕಿಡ್ಸ್ ಕ್ಲಬ್‌ನವರಿಗೂ ಹೇಳಿ. ತಿಂಡಿ ಮಾತ್ರವಲ್ಲ, ಆಡಲು ಕೊಡುವ ಬಣ್ಣದ ಪ್ಲೇ ಡೋದಲ್ಲೂ ಗೋಧಿ ಇದೆ.

ರೂಮ್ ಸರ್ವೀಸ್‌ಗೆ ಬಾಗಿಲಿಗೆ ನೇತುಹಾಕುವ ಚೀಟಿಯಲ್ಲಿ ಬರೆದು ನಂಬಬೇಡಿ. ಅದು ಹೆಡ್ ವೇಟರ್ ಕಣ್ಣಿಗೆ ಬೀಳುವುದಿಲ್ಲ.

## ಹಂತ 9: ಪೋರ್ಟ್‌ನಲ್ಲಿ ಇಳಿದಾಗ

ಹೊಟ್ಟೆ ತುಂಬಿಸಿಕೊಂಡು ಇಳಿಯಿರಿ, ಇದು ಮೊದಲ ನಿಯಮ. ಇಳಿಯುವಾಗ ಹಡಗಿನ ಊಟ, ಹಣ್ಣು ಕಟ್ಟಿಕೊಂಡು ಹೋಗುವಂತಿಲ್ಲ. ನಿಮ್ಮ ಸೀಲ್ ಆದ ಪ್ಯಾಕೆಟ್ ಚೀಲದಲ್ಲಿರಲಿ.

ಪೆನಾಂಗ್‌ನಲ್ಲಿ ಹಡಗು ನಿಲ್ಲುವುದು ಜಾರ್ಜ್‌ಟೌನ್‌ನ ಸ್ವೆಟ್ಟನ್‌ಹ್ಯಾಮ್ ಕಟ್ಟೆಯಲ್ಲಿ. ಅಲ್ಲಿಂದ ಲಿಟಲ್ ಇಂಡಿಯಾ ನಡೆದು ಹೋಗುವಷ್ಟೇ ದೂರ. ಇಡ್ಲಿ ಬೋರ್ಡ್ ಕಂಡು ನಮ್ಮವರು ಓಡುತ್ತಾರೆ. ಇಡ್ಲಿ ಸರಿ, ಸಾಂಬಾರಿಗೆ ಇಂಗಿನ ಪ್ರಶ್ನೆ ಇದ್ದೇ ಇದೆ. ಚಟ್ನಿಯನ್ನು ಒಗ್ಗರಣೆ ಇಲ್ಲದೆ ಕೇಳಿ. ಅಲ್ಲಿನ ಹೆಸರಾಂತ ಚಾರ್ ಕ್ವೇ ತಿಯೋದ ಶಾವಿಗೆ ಅಕ್ಕಿಯದೇ. ಆದರೆ ಅದಕ್ಕೆ ಸುರಿಯುವ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಹಳದಿ ನೂಡಲ್ಸ್ ಪೂರ್ತಿ ಗೋಧಿ. ಬಿಸಿಲಿಗೆ ತಂಪು ಅಂತ ಎಲ್ಲ ಕಡೆ ಬಾರ್ಲಿ ನೀರು ಮಾರುತ್ತಾರೆ. ನಮ್ಮಲ್ಲೂ ಕುಡಿಯುತ್ತೇವಲ್ಲ ಎಂದು ಗ್ಲಾಸ್ ಎತ್ತಬೇಡಿ, ಎಳನೀರು ಕುಡಿಯಿರಿ.

ಫುಕೆಟ್‌ನಲ್ಲಿ ಸೋಯಾ ಸಾಸ್ ಜೊತೆ ಗೋಧಿ ಇರಬಹುದಾದ ಆಯ್‌ಸ್ಟರ್ ಸಾಸ್ ಸೇರಿಕೊಳ್ಳುತ್ತದೆ. ಉಪ್ಪು ಹಚ್ಚಿ ಕೆಂಡದ ಮೇಲೆ ಸುಟ್ಟ ಮೀನು, ಬಿಳಿ ಅನ್ನ, ಮಾವಿನಹಣ್ಣು ಇವಿಷ್ಟರಲ್ಲಿ ನೆಮ್ಮದಿ ಇದೆ.

ಒಂದೆರಡು ಪದ ಕಲಿತಿಟ್ಟುಕೊಳ್ಳಿ. ಮಲಯ ಭಾಷೆಯಲ್ಲಿ ಗೋಧಿಗೆ ಗಂದುಮ್, ಸೋಯಾ ಸಾಸ್‌ಗೆ ಕಿಚಪ್. ಥಾಯ್ ಭಾಷೆಯಲ್ಲಿ ಗೋಧಿ ಹಿಟ್ಟಿಗೆ ಪೇಂಗ್ ಸಾಲಿ. ಉಚ್ಚಾರ ನಂಬದೆ ಅವರ ಲಿಪಿಯಲ್ಲೇ ಚೀಟಿ ಮುದ್ರಿಸಿ ತೋರಿಸುವುದು ಇನ್ನೂ ಒಳ್ಳೆಯದು. "ಗ್ಲುಟೆನ್" ಎಂಬ ಪದ ರಸ್ತೆಬದಿಯ ಅಂಗಡಿಯಲ್ಲಿ ಅರ್ಥವಾಗುವುದಿಲ್ಲ, ಗೋಧಿ ಎಂದರೆ ಅರ್ಥವಾಗುತ್ತದೆ.

## ಹಂತ 10: ಆದರೂ ಹೊಟ್ಟೆ ಕೆಟ್ಟರೆ

ಹಡಗಿನಲ್ಲಿ ವಾಂತಿ, ಭೇದಿ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ನೊರೊವೈರಸ್. ಒಬ್ಬರಿಂದ ನೂರು ಜನಕ್ಕೆ ಹರಡುವ ಸೋಂಕು ಅದು. ಅಮೆರಿಕದ ಹಡಗು ನಿಯಮಗಳಲ್ಲಿ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ಭೇದಿಯಾದರೆ ಅದನ್ನು ಸೋಂಕಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಬೇರೆ ಹಡಗುಗಳೂ ಹೆಚ್ಚುಕಮ್ಮಿ ಹಾಗೇ ನಡೆದುಕೊಳ್ಳುತ್ತವೆ. ಕ್ಯಾಬಿನ್‌ನಲ್ಲೇ ಇರಿ ಎಂದು ಹೇಳಬಹುದು.

ಇದಕ್ಕೆ ಹೆದರಿ ಮುಚ್ಚಿಡಬೇಡಿ. ನಿಜಕ್ಕೂ ಸೋಂಕೇ ಆಗಿದ್ದರೆ ಬೇರೆಯವರಿಗೆ ಹರಡುತ್ತದೆ. ಹಡಗಿನ ಡಾಕ್ಟರರ ಬಳಿ ಹೋಗಿ, ಸೀಲಿಯಾಕ್ ಪತ್ರ ತೋರಿಸಿ, ಏನು ತಿಂದ ಎಷ್ಟು ಹೊತ್ತಿಗೆ ಶುರುವಾಯಿತು ಹೇಳಿ. ಗೋಧಿಯಿಂದಲೇ ಆದದ್ದು ಎಂದು ನೀವೇ ತೀರ್ಮಾನಿಸಬೇಡಿ. ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ನೀರು ಕುಡಿದರೂ ನಿಲ್ಲದಿದ್ದರೆ ತಡ ಮಾಡಲೇಬೇಡಿ. ಅಲ್ಲಿನ ಚಿಕಿತ್ಸೆಗೆ ದುಡ್ಡು ಬಹಳ, ಪ್ರಯಾಣ ವಿಮೆ ಮಾಡಿಸುವಾಗ ಸೀಲಿಯಾಕ್ ಇದೆ ಎಂದು ಬರೆದಿರಬೇಕು.

ಗೋಧಿ ಅಲರ್ಜಿ ಇರುವವರದು ಬೇರೆ ವಿಷಯ. ಅವರಿಗೆ ಮುಖ ಊದುವುದು, ಉಸಿರು ಕಟ್ಟುವುದು ಆಗಬಹುದು. ಅವರು ತುರ್ತು ಇಂಜೆಕ್ಷನ್ ಬಗ್ಗೆ ಹೊರಡುವ ಮುಂಚೆಯೇ ತಮ್ಮ ಡಾಕ್ಟರ್ ಹತ್ತಿರ ಮಾತಾಡಿರಬೇಕು.

## ಹಂತ 11: ಇಳಿಯುವ ಬೆಳಿಗ್ಗೆ

ಕೊನೆಯ ಬೆಳಿಗ್ಗೆ ಮತ್ತೆ ಮೊದಲ ದಿನದ್ದೇ ಗಲಾಟೆ. ಹಾಲ್ ಬೇಗ ಮುಚ್ಚುತ್ತದೆ, ಸಿಬ್ಬಂದಿ ಮುಂದಿನ ಪ್ರಯಾಣಿಕರ ತಯಾರಿಯಲ್ಲಿರುತ್ತಾರೆ. ಹಿಂದಿನ ರಾತ್ರಿ ಹೆಡ್ ವೇಟರ್‌ಗೆ ನಾಳೆ ಎಷ್ಟು ಗಂಟೆಗೆ ಬರುತ್ತೀರಿ ಎಂದು ಹೇಳಿ, ಬೇಯಿಸಿದ ಮೊಟ್ಟೆಯೋ ಗಂಜಿಯೋ ಒಂದನ್ನು ಆರ್ಡರ್ ಮಾಡಿ. ಟಿಪ್ಸ್ ಕೊಡುವುದಿದ್ದರೆ ಆ ರಾತ್ರಿಯೇ ಕೊಡಿ, ಬೆಳಿಗ್ಗೆ ಅವರು ಕೈಗೆ ಸಿಗುವುದಿಲ್ಲ.

ಎರಡು ರೊಟ್ಟಿ ಪ್ಯಾಕೆಟ್ ಮುಟ್ಟದೆ ಉಳಿಸಿಕೊಂಡಿರಿ. ಹಡಗು ಇಳಿದು ವಿಮಾನ ಹತ್ತುವ ತನಕ ಆರೇಳು ಗಂಟೆ ಸುಲಭವಾಗಿ ಹೋಗುತ್ತದೆ. ನಾವು ಹೋದ ಸಲ ಕೊನೆಯ ಪ್ಯಾಕೆಟ್ ಒಡೆದದ್ದು ಸಿಂಗಾಪುರದ ಚಾಂಗಿ ಏರ್‌ಪೋರ್ಟ್‌ನಲ್ಲಿ, ಮೊಸರಿನ ಒಂದು ಕಪ್ ಜೊತೆ.